ಡೈನಮೋ ತಪಾಸಣಿಗೆ ದೊರಿ ಬಂದಾಗ

ಕರೆಂಟಿನ ಕೆಲಸಾ ಹಿಡದವಗ ನಗಿಗೇನು ಬರ ಇಲ್ಲ ನೋಡ್ರಿ. ತಂತಿ ಹಿಡಕೊಂಡು ಒಂದು ಮೂಲ್ಯಾಗ ಸುಮ್ಮನ ನಿಂತಿದ್ರೂ ಏನರೆ ಒಂದು ಫಜೀತಿ ತಾನ ಹುಡಿಕ್ಕೊಂಡು ಬರತೈತಿ. ಆವಾಗ ಜೀವ ಬಾಯಿಗೆ ಬಂದಿರತೈತಿ. ಆಮ್ಯಾಲ ಕಟ್ಟಿ ಮ್ಯಾಲ ಕುಂತು ಹೇಳಿದ್ರ ಮಂದಿ ಹೊಟ್ಟಿ ಹಿಡಕೊಂಡು ನಗತಾರ. ನನ್ನ ಜೀವ ಹೋಗಿದ್ದಕ್ಕ ಇವರಿಗೇನು ನಗಿ ಅಂತ ನನಗ ಸಿಟ್ಟೂ ಬರತೈತಿ. ಆದ್ರೂ ಹೇಳೂದು ಬಿಟ್ಟಿಲ್ಲ.

ಇದು ಇಂಗ್ರೇಜ್ ಸರಕಾರದ ಕಾಲದ ಮಾತು. ನಮ್ಮ ಸೀಮ್ಯಾಗ ಆವಾಗ ಕರೆಂಟಿನ ಕಂಬಾ ಇರಲಿಲ್ಲ. ಎಣ್ಣಿ ಇಂಜಿನ್ ಇದ್ದ ಸಾವಕಾರ್ರು ಅದಕ್ಕೊಂದು ಪಟ್ಟಾ ಹಾಕಿ ಡೈನಮೋ ತಿರಗಿಸಿ, ತಮ್ಮ ಅಂಗಡಿಗೆ, ಕಾರಖಾನಿಗೆ ತಾವ ದೀಪಾ ಹಚ್ಚಿಕೊಳತಿದ್ರು. ಹಂಗ ಹಚ್ಚಿಕೊಂಡವರು ವರ್ಷಕ್ಕೊಮ್ಮೆ ತಪಾಸಣಿ ಮಾಡಸಬೇಕು ಅಂತ ಕಾಯಿದೆ ಬಂತು. ತಂತಿ ಮ್ಯಾಲಿನ ರಬ್ಬರ್ ಹರದಿರಬಾರದು. ಯಂತ್ರದ ಕಬ್ಬಿಣ ಮುಟ್ಟಿದ್ರ ಝಟಕಾ ಹೊಡೀಬಾರದು. ಹೊಡದ್ರ ಅದು ಮನಶ್ಯಾನ ಮೈಯಾಗ ಹೋಗದ ನೆಲದಾಗ ಇಳದು ಹೋಗಲಿ ಅಂತ, ಯಂತ್ರದಿಂದ ಒಂದು ತಾಂಬ್ರದ ತಂತಿ ನೆಲದಾಗ ಹುಗದಿರಬೇಕು. ಕಾಯಿದೆ ಇಷ್ಟ. ತಿಳಕೊಳ್ಳಾಕ ಭಾಳ ಸಸಾರ. ತಿಳಿಸಿ ಹೇಳೂದರಾಗ ನನ್ನ ತಲಿಕೂದಲಾ ಬೆಳ್ಳಗಾದುವು.

ತಪಾಸಣಿ ಅಧಿಕಾರಿ ಒಬ್ಬ ಬಿಳೀ ದೊರಿ. ಕನ್ನಡಾ ಕಲತಿದ್ರು, ಆದ್ರ ಕಾಯಿದೆ ಪುಸ್ತಕಾ ಓದೇ ಕಲತಿದ್ರು. ಉಂಡ್ರೇನ್ರಿ ಅಂತ ಕೇಳಿದ್ರ "ಉಣ್ಣತಕ್ಕದ್ದು" ಅಂತಿದ್ರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮಿ, ಇಷ್ಟೂ ಕಡಿ ಡೈನಮೋ ನೋಡಿಕೊಳ್ಳಾಕ ನನಗ ಒಂದು ಹಂಗಾಮಿ ಪರವಾನಗಿ ಕೊಟ್ಟು ಅಂದ್ರು: "ಸುಗ್ಗಿ ಮುಗಿದ ಮೇಲೆ ನಾವು ಬರತಕ್ಕದ್ದು. ಒಂದು ಯಂತ್ರ ಕೆಟ್ಟಿದ್ದರೂ ಪರವಾನಗಿಯನ್ನು ಹರಿಯತಕ್ಕದ್ದು."

ಮನಿಗೆ ಬಂದು ಹೇಳಿದ್ರ, ಯರಗಟ್ಟಿ ಕಡಿಯಿಂದ ಬಂದಿದ್ದ ನಮ್ಮ ಮಾವನವರಿಗೆ ಹಿಗ್ಗೋ ಹಿಗ್ಗು. ಅವರದು ಎಣ್ಣಿ ಗಾಣ.

"ಹರದ್ರ ಹರೀಲಿ ಬಿಡ್ರಿ ಅಳಿಯಂದ್ರ. ನಮ್ಮ ಗಾಣದಾಗ ಎತ್ತಿನ ಹಿಂದ ತಿರಗಾಕ ಒಬ್ಬ ಮನಶ್ಯಾ ಬೇಕಾಗ್ಯಾನ. ಮನಿ ಮಂದಿನ ಆದ್ರ ಛಲೋ."

ಎತ್ತಿನ ಹಿಂದ ತಿರಗೂದಕ್ಕ ನನ್ನ ತಕರಾರಿಲ್ಲ. ಆದ್ರ ಮಾವ ಅಲ್ಲೇ ಕಟ್ಟಿ ಮ್ಯಾಲ ಕುಂತು ಹೊತ್ತು ಹುಟ್ಟಿದಾಗಿಂದ ಮುಣಗೂತನಕಾ ಬುದ್ಧಿ ಹೇಳತಾರ. ಗಾಣದ ಎತ್ತಿಗಿ ಕಣ್ಣಿಗರೆ ಒಂದು ಪಟ್ಟಿ ಕಟ್ಟಿರತಾರ. ಅಳಿಯಾನ ಕಿವಿಗೆ ಏನು ಕಟ್ಟತಾರ ಹೇಳ್ರಿ?

ಪೆಟ್ಟಿಗಿ ಯಾಕ ಹಾಡವಲ್ಲದು?

ತಪಾಸಣಿ ಮಾಡಾಕಂತ ದೊರಿ ನನಗೊಂದು ಕಟಗಿ ಪೆಟ್ಟಿಗಿ ಕೊಟ್ಟಿದ್ರು. ಬಾಜೂಕ ಒಂದು ಹಿಡಿಕಿ. ಪೆಟ್ಟಿಗಿ ತಂತಿ ಯಂತ್ರಕ್ಕ ಹಚ್ಚಿ ಹಿಡಿಕಿ ಗರಗರ ತಿರಗಿಸಿದ್ರ ಪೆಟ್ಟಿಗ್ಯಾಗ ಕರೆಂಟ್ ಹುಟ್ಟಿ, ಒಳಗಿನ ಮುಳ್ಳು ಅಲ್ಲಾಡಿ ಯಂತ್ರ ಹೆಂಗೈತಿ ಅನ್ನೂದು ತೋರಸತಿತ್ತು.

ಅದನ್ನ ಹೆಗಲ ಮ್ಯಾಲ ಹೊತಗೊಂಡು ಮೊದಲಿಗೆ ಕಿತ್ತೂರಿನ ಒಂದು ಹಿಟ್ಟಿನ ಗಿರಣಿಗೆ ಹೋದೆ. ಗಿರಣಿ ಮಾಲಕರು ಪೆಟ್ಟಿಗಿ ನೋಡಿದವರ ಎದ್ದು ನಿಂತ್ರು. "ಏ, ಗೋಣಿತಟ್ಟು ಹಾಸ್ರೋ! ವಾಯರಮನ್ ಹಾಡಿನ ಪೆಟ್ಟಿಗಿ ತಂದಾರ!"

"ಮಾಲಕರ, ಇದು ಅದಲ್ಲರಿ..." ಅನ್ನೂದರಾಗ ತಟ್ಟು ಹಾಸಿತ್ತು. ಜ್ವಾಳಾ ಬೀಸಾಕ ಬಂದ ಹೆಣ್ಣಮಕ್ಕಳು ಬುಟ್ಟಿ ಇಳಿಸಿ ಕುಂತ್ರು. ಬೀದ್ಯಾಗ ಹೊಂಟ ಮಂದಿ ಒಳಗ ಬಂದ್ರು. ಯಾರೋ ನನ್ನ ಕೈಯಾಗ ಚಾ ಇಟ್ರು. ಚಾ ಕುಡದ ಮ್ಯಾಲ ಇಲ್ಲ ಅನ್ನಾಕ ಆಗತೈತೇನ್ರಿ? ನಾ ನನ್ನ ಪಾಡಿಗೆ ತಂತಿ ಹಚ್ಚಿ ಹಿಡಿಕಿ ತಿರಗಿಸಿದೆ. ಮಂದಿ ಉಸರ ಬಿಗಿಹಿಡದು ಕುಂತ್ರು. ಪೆಟ್ಟಿಗಿ ಗರಗರ ಅಂತು, ಬರೇ ಗರಗರ.

ಒಬ್ಬ ಮುದಕಪ್ಪ ಮುಂದ ಸರದು ಬಂದ. "ತಮ್ಮಾ, ಮ್ಯಾಲಿನ ಕಹಳಿ ಊರಾಗ ಮರತ ಬಂದೀಯೇನು?"

"ಅಜ್ಜಾರ, ಇದು ಹಾಡೂ ಪೆಟ್ಟಿಗಿ ಅಲ್ಲರಿ. ಗಿರಣಿ ಮುಟ್ಟಿದವರು ಸಾಯಬಾರದು ಅಂತ ನೋಡೂ ಪೆಟ್ಟಿಗಿ."

ಅಜ್ಜ ಎಲ್ಲಾರ ಕಡಿ ತಿರಗಿ ಅಂದ: "ಹಾಡಂಗಿಲ್ಲಂತ. ಸಾಯೂ ಮಾತು ಆಡತೈತಂತ."

ಮಂದಿಗೆ ಸಿಟ್ಟು ಬಂತು. ಮಾಲಕರಿಗೆ ಮರ್ಯಾದಿ ಹೋದಂಗಾತು. ನನ್ನನ್ನ ಬಾಜೂಕ ಕರದು ಅಂದ್ರು: "ನೋಡ್ರಿ ವಾಯರಮನ್, ಕುಂತ ಮಂದೀನ ಹಂಗ ಎಬ್ಬಿಸಿ ಕಳಸಾಕ ಆಗಂಗಿಲ್ಲ. ನೀವ ಒಂದು ಪದಾ ಹಾಡ್ರಿ. ಇಲ್ಲಾಂದ್ರ ನನ್ನ ಗಿರಣಿ ಮುಟ್ಟಬ್ಯಾಡ್ರಿ." ಗಿರಣಿ ಮುಟ್ಟದಿದ್ರ ತಪಾಸಣಿ ಇಲ್ಲ. ತಪಾಸಣಿ ಇಲ್ಲಾಂದ್ರ ಪರವಾನಗಿ ಇಲ್ಲ, ಗಾಣ ಗ್ಯಾರಂಟಿ. ನಾನು ಒಂದು ಕೈಯಾಗ ಹಿಡಿಕಿ ತಿರಗಿಸಿಕೋತ, ಬಾಯಿಲೆ ಭಜನಿ ಪದಾ ಹಾಡಿದೆ. ಮುಳ್ಳು ಸರಿಯಾಗಿ ನಿಂತಿತು. ಮಂದಿಗೂ ಖುಷಿ ಆತು.

ಅವತ್ತಿನಿಂದ ಆ ಗಿರಣ್ಯಾಗ ಅದ ಪದ್ಧತಿ ಆತು, ಮೊದಲ ಪದಾ, ಆಮ್ಯಾಲ ತಪಾಸಣಿ. ಸುಗ್ಗಿ ಆದ ಮ್ಯಾಲ ದೊರಿ ತಾವ ಒಬ್ಬರ ಕಿತ್ತೂರಿಗೆ ಹೋಗಿದ್ರು. ಅವರ ಮುಂದೂ ತಟ್ಟು ಹಾಸಿದ್ರಂತ. ಅಲ್ಲಿ ದೊರಿ ಏನು ಹಾಡಿದ್ರೋ ನನಗ ಗೊತ್ತಿಲ್ಲ, ಕೇಳೂ ಧೈರ್ಯಾನೂ ಆಗಲಿಲ್ಲ. ಆದ್ರ ಗಿರಣಿ ಪಾಸ್ ಆಗಿತ್ತು.

ಗಿಣಿ ಮತ್ತು ಚೇಳು

ಸವದತ್ತ್ಯಾಗ ಒಂದು ಅರಬೀ ಅಂಗಡಿ. ಲಗ್ನದ ಜವಳಿಗೆ ಸುತ್ತಿನ ಹಳ್ಳಿಯವರೆಲ್ಲಾ ಅಲ್ಲೇ ಬರತಿದ್ರು. ದೀಪಾ ಹಚ್ಚೂ ಗುಂಡಿಗಳ ಹಲಗಿ ಗಿರಾಕಿ ಕುಂಡ್ರೂ ಜಾಗಾದ ಬಾಜೂಕ ಗೋಡಿಗೆ ಇತ್ತು. ಅಂಥಾ ಹಲಗಿ ಮ್ಯಾಲ ತಲಿಬುರಡಿ, ಎರಡು ಎಲುಬು ಬರದು "ಅಪಾಯ" ಅಂತ ಹಾಕಬೇಕು ಅನ್ನೂದು ಕಾಯಿದೆ.

ಅಂಗಡಿ ಸಾವಕಾರ್ರು ಕೈ ಮುಗದ್ರು. "ತಲಿಬುರಡಿ? ಅದೂ ಲಗ್ನದ ಅರಬೀ ಅಂಗಡ್ಯಾಗ? ಮದಲಗಿತ್ತಿ ಸೀರಿ ಆರಿಸೂ ಮುಂದ ಎಲುಬು ನೋಡಬೇಕೇನ್ರಿ? ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

"ಕಾಯಿದೇರಿ ಸಾವಕಾರ್ರ. ಮಂದಿ ಕಣ್ಣಿಗೆ ಬೀಳೂವಂಥಾ ಚಿತ್ರ ಬೇಕ ಬೇಕು."

"ಕಣ್ಣಿಗೆ ಬೀಳಬೇಕು, ಇಷ್ಟ ಹೌದಲ್ಲ? ನನಗ ಬಿಡ್ರಿ."

ನಾ ಮುಂದಿನ ಸಲ ಹೋದಾಗ ಹಲಗಿ ಮ್ಯಾಲ ಹಸರ ಗಿಣಿ! ಕೆಂಪ ಕೊಕ್ಕು, ಬಾಯಾಗ ಮಾವಿನಕಾಯಿ. ಪೇಂಟರ್ ಏನು ಕಸಬುದಾರ ಅಂತೀರಿ! ಬಂದ ಬಂದ ಹೆಣ್ಣಮಕ್ಕಳು "ಅಯ್ಯ, ಖರೇ ಗಿಣಿನ ಕುಂತಂಗೈತಲ್ಲೇ!" ಅಂತ ಅದರ ಮೈ ಸವರಿ ನೋಡತಿದ್ರು. ತಾಯಂದಿರು ಕೂಸುಗಳನ್ನ ಎತ್ತಿ ಹಿಡದು ಅದರ ಕೊಕ್ಕು ಮುಟ್ಟಸತಿದ್ರು. ನಾ ಓಡಿ ಹೋಗಿ ಅಡ್ಡ ನಿಂತೆ.

"ಸಾವಕಾರ್ರ, ಯಾರೂ ಮುಟ್ಟಬಾರದು ಅಂತ ಚಿತ್ರಾ ಹಾಕೂದು! ನೀವು ಊರ ಮಂದೀನೆಲ್ಲಾ ಕರಕರದು ಮುಟ್ಟಸಾಕ ಹತ್ತೀರಲ್ಲ!"

"ಹಂಗಂದ್ರ ಮೊದಲ ಹೇಳಬಾರದೇನು? ಯಾರೂ ಮುಟ್ಟಲಾರದ್ದು ಬೇಕು. ಆತು, ಬರಸತೇನಿ ಬಿಡ್ರಿ."

ಈ ಸಲ ನಾನ ಹೇಳಿಬಂದೆ, ಚೇಳು ಬರಸ್ರಿ ಅಂತ. ನಮ್ಮ ಎರೀ ಹೊಲದ ಮಂದಿಗೆ ಚೇಳಿನ ಅಂಜಿಕಿ ಬ್ಯಾರೆ ಹೇಳಬೇಕಾಗಿಲ್ಲ. ಪೇಂಟರ್ ತನ್ನ ವಿದ್ಯೆ ಎಲ್ಲಾ ಸುರದು ಒಂದು ಕರೀ ಚೇಳು ಬರದ. ಕೊಂಡಿ ಎತ್ತಿಕೊಂಡು ಈಗ ಕುಟಕತೈತಿ ಅನ್ನೂ ಹಂಗಿತ್ತು. ಹೆಣ್ಣಮಕ್ಕಳು ಕೂಸುಗಳನ್ನ ಎತ್ತಿಕೊಂಡು ದೂರ ಸರದು ಕುಂಡ್ರಾಕ ಹತ್ತಿದ್ರು. ನಾನು ನನ್ನ ಶ್ಯಾಣ್ಯಾತನಕ್ಕ ನಾನ ಮೆಚ್ಚಿ ಮನಿಗೆ ಬಂದೆ.

ಎರಡ ದಿನದಾಗ ಸಾವಕಾರ್ರ ಆಳು ಬೈಲಹೊಂಗಲಕ್ಕ ನನ್ನ ಮನಿಗೆ ಓಡಿ ಬಂದ. ಹೋಗಿ ನೋಡಿದ್ರ ಗುಂಡಿ ಎಲ್ಲಾ ಚೂರು ಚೂರು, ಅಂಗಡಿ ಕತ್ತಲಿ. ಯಾವನೋ ಗಟ್ಟಿ ಆಳು, ಮಗಳಿಗೆ ಸೀರಿ ನೋಡಾಕ ಬಂದವ, "ಚೇಳು, ಚೇಳು! ಸರೀರಿ ಆಚಿಗೆ!" ಅಂತ ಕಾಲಾಗಿನ ಕೆರಾ ಕಿತ್ತು ನಾಕು ಬಾರಿಸಿದ್ದ. ಝಟಕಾ ಮಾತ್ರ ಹೊಡದಿರಲಿಲ್ಲ. ಒಣಾ ತೊಗಲಿನ ಕೆರಾ ಅವನ ಜೀವ ಉಳಿಸಿತ್ತು.

ಸಾವಕಾರ್ರು ಚೂರು ಆರಿಸಿಕೋತ ಅಂದ್ರು: "ನನ್ನ ಗಿಣಿ ಇದ್ದಾಗ ಮಂದಿ ಮುದ್ದು ಮಾಡತಿದ್ರು. ನಿಮ್ಮ ಮಾತು ಕೇಳಿದ ಮ್ಯಾಲ ಕೆರಲೆ ಹೊಡ್ಯಾಕ ಹತ್ಯಾರ ನೋಡ್ರಿ."

ಹಲಗೀನ ಕಡೀಕ ಕೈಗೆ ನಿಲಕದಷ್ಟು ಮ್ಯಾಲ ಏರಿಸಿ, ಅದಕ್ಕೊಂದು ಬಾಗಲಾ ಕೂಡಿಸಿ, ಮ್ಯಾಲ ತಲಿಬುರಡಿನ ಬರಿಸಿ ಕೀಲಿ ಹಾಕಿದ್ವಿ. ಆ ಬುರಡಿಗೆ ಪೇಂಟರ್ ತನ್ನ ಮನಸಿನ ಸಮಾಧಾನಕ್ಕ ಬಾಸಿಂಗಾ ಕಟ್ಟಿದ್ದ. ಲಗ್ನದ ಅಂಗಡಿ ಅಲ್ಲೇನ್ರಿ?

ಗೋಡಿ ಮ್ಯಾಲಿನ ಚಾಚಾ

ರಾಮದುರ್ಗ ಆವಾಗ ಸಂಸ್ಥಾನ. ಅಲ್ಲಿ ರಾಜರ ಕಾಯಿದೆ, ಅದರ ಸೀಮಿ ದಾಟಿದ್ರ ಇಂಗ್ರೇಜರ ಕಾಯಿದೆ. ಸರಿಯಾಗಿ ಆ ಸೀಮಿ ಮ್ಯಾಲ ಒಬ್ಬ ಮುಸಲ್ಮಾನ ಹಿರ್ಯಾರು ನೂಲಿಗೆ ಬಣ್ಣಾ ಹಾಕೂ ಕಾರಖಾನಿ ಇಟ್ಟಿದ್ರು. ಸಣ್ಣವರು ದೊಡ್ಡವರು ಎಲ್ಲಾರೂ ಅವರಿಗೆ ಚಾಚಾ ಅಂತಿದ್ರು. ಅಂಗಳದ ನಡುವ ಒಂದು ಗಿಡ್ಡ ಗೋಡಿ. ಗೋಡಿ ಈಚಿಗೆ ನಮ್ಮ ಸರಕಾರ, ಆಚಿಗೆ ಸಂಸ್ಥಾನ.

"ಚಾಚಾ, ಡೈನಮೋ ತಪಾಸಣಿ ಮಾಡಬೇಕ್ರಿ."

ಚಾಚಾ ಗೋಡಿ ಮ್ಯಾಲ ಕುದರಿ ಹತ್ತಿದಂಗ ಆಚಿಗೊಂದು ಈಚಿಗೊಂದು ಕಾಲು ಬಿಟ್ಟು ಕುಂತು ಚಾ ಕುಡ್ಯಾಕ ಹತ್ತಿದ್ರು. "ಡೈನಮೋ ಸಂಸ್ಥಾನದಾಗ ಐತಿ ಬೇಟಾ. ನಿನ್ನ ಪರವಾನಗಿ ಅಲ್ಲಿ ನಡ್ಯಾಂಗಿಲ್ಲ."

"ಹಂಗಾರ ಸಂಸ್ಥಾನದವರು ಬಂದು ನೋಡ್ಯಾರೇನ್ರಿ?"

"ಅವರ್ಯಾಕ ನೋಡತಾರ? ದೀಪಾ ಎಲ್ಲಾ ನಿಮ್ಮ ಸರಕಾರದಾಗ ಅದಾವು."

"ನಡುವಿನ ತಂತಿ ಯಾರು ನೋಡಬೇಕ್ರಿ ಚಾಚಾ? ಗೋಡಿ ಮ್ಯಾಲ ತಿಕ್ಕಿ ತಿಕ್ಕಿ ರಬ್ಬರ್ ಹರದೈತಿ. ಹಸೀ ನೂಲು ಒಣ ಹಾಕಿ ಗೋಡಿ ಎಲ್ಲಾ ತೊಯ್ಸೀರಿ. ನಾಳೆ ದೊರಿ ಬಂದು ನೋಡಿದ್ರ ನನ್ನ ಪರವಾನಗಿ ಹರೀತಾರ, ನಾ ಗಾಣಕ್ಕ ಹೋಗಬೇಕಾಗತೈತಿ."

"ಗೋಡಿ ನಮ್ಮಪ್ಪ ಕಟ್ಟಿಸಿದ್ದು. ಅದಕ್ಕ ನಾನ ಸರಕಾರ," ಅಂತ ಹೇಳಿ ಚಾಚಾ ಚಾದ ಬಸಿ ಕೆಳಗ ಇಟ್ಟು, ಗೋಡಿಗೆ ಠೀವಿಯಿಂದ ಕೈ ಊರಿದ್ರು. ಊರಿದ್ದು ಸರಿಯಾಗಿ ಹರದ ತಂತಿ ಮ್ಯಾಲ.

"ಯಾ ಅಲ್ಲಾ!" ಅಂದದ್ದು ಎರಡೂ ಸರಕಾರಕ್ಕ ಕೇಳಿಸಿರಬೇಕು. ಚಾಚಾ ಅಷ್ಟೆತ್ತರ ಹಾರಿ ಈಚಿ ಕಡಿ ನೀಲಿ ಬಣ್ಣದ ಕೊಪ್ಪರಿಗ್ಯಾಗ ಬಿದ್ರು. ನಾ ಅಂಜಿ ಓಡಿ ಹೋಗಿ ಕೈ ಕೊಟ್ಟೆ. ಪುಣ್ಯಾಕ್ಕ ಏನೂ ಆಗಿರಲಿಲ್ಲ. ಬಿಳೀ ಗಡ್ಡಾ ಮಾತ್ರ ನೀಲಿ ಆಗಿತ್ತು.

"ಚಾಚಾ, ಝಟಕಾ ಹೊಡದದ್ದು ಯಾವ ಸರಕಾರದಾಗ್ರಿ?" ಅಂತ ಕೇಳಿದೆ. ಕೇಳಬಾರದಿತ್ತು, ತಡಕೊಳ್ಳಾಕ ಆಗಲಿಲ್ಲ.

ಚಾಚಾ ಗಡ್ಡಾ ಹಿಂಡಿಕೋತ ಅಂದ್ರು: "ಕುಂತಿದ್ದು ನಂದರಾಗ, ಝಟಕಾ ಬಂದದ್ದು ಅವರದರಾಗಿಂದ, ಬಿದ್ದದ್ದು ನಿಮ್ಮದರಾಗ. ಮೂರೂ ಸರಕಾರದ್ದು ಕೂಡೇ ತಪಾಸಣಿ ಮಾಡಿಬಿಡು ಬೇಟಾ!"

ದೇವಿ ಬಂದಾಳ

ಚಾಚಾರ ಹರದ ತಂತೀನೂ ಬದಲಾಸಿದೆ, ಹಿಂಗ ಮೂರು ಕಡೀದು ದಾಟಿತು. ದೊರಿ ಒಂದೊಂದಾಗಿ ನೋಡಿ, ಏನೂ ತಪ್ಪು ಸಿಗದ, ಕಡೀಕ ಬೈಲಹೊಂಗಲದಾಗ ಹತ್ತಿಯಿಂದ ಬೀಜಾ ಬಿಡಸೂ ಜಿನ್ನಿಗೆ ಬಂದ್ರು. ನಾ ದಿನಾ ಕೆಲಸಾ ಮಾಡತಿದ್ದದ್ದು ಅಲ್ಲೇ. ಇದೊಂದು ಪಾಸಾದ್ರ ಪರವಾನಗಿ ಕಾಯಂ. ಮಾವನವರು ಸಂತ್ಯಾಗ ಒಂದು ಹೊಸಾ ಎತ್ತು ಕೊಂಡು ನೆಟ್ಟಗ ಜಿನ್ನಿಗೆ ಬಂದು ನಿಂತಿದ್ರು.

"ಎತ್ತಂತೂ ಸಿಕ್ತು ಅಳಿಯಂದ್ರ. ಈಗ ನೀವೂ ಸಿಕ್ಕರ ಇಬ್ಬರನ್ನೂ ಕೂಡೇ ಹೊಡಕೊಂಡು ಹೋಗತೇನಿ."

ಜಿನ್ನಿನ ಹಿತ್ತಲದಾಗ ಡೈನಮೋದ ನೆಲದ ತಂತಿ ಇತ್ತು. ಒಂದು ಕಬ್ಬಿಣದ ಕೊಳವಿ ನೆಲದಾಗ ಹುಗದು, ಅದಕ್ಕ ತಂತಿ ಕಟ್ಟಿದ್ವಿ. ಆ ನೆಲ ಸದಾ ಹಸೀ ಇರಬೇಕು, ಇಲ್ಲಾಂದ್ರ ಕರೆಂಟ್ ಕೆಳಗ ಇಳ್ಯಾಂಗಿಲ್ಲ. ಅದಕ್ಕ ಹತ್ತಿ ಆರಿಸೂ ಹೆಣ್ಣಮಕ್ಕಳಿಗೆ ದಿನಾ ಒಂದು ಕೊಡಾ ನೀರು ಹಾಕ್ರಿ ಅಂತ ಹೇಳಿದ್ದೆ. ಅವರ ಹಿರೀಕಿ ದೊಡ್ಡವ್ವ "ಯಾಕೋ ತಮ್ಮಾ?" ಅಂತ ಕೇಳಿದ್ಲು. "ಇದು ಭೂಮಿತಾಯಿ ಹೊಟ್ಯಾಗ ಹೋಗತೈತಿ ದೊಡ್ಡವ್ವ. ನಿಮ್ಮೆಲ್ಲಾರನ್ನೂ ಕಾಯತೈತಿ," ಅಂದಿದ್ದೆ. ನಾ ಹೇಳಿದ್ದರಾಗ ತಪ್ಪೇನೈತಿ ಹೇಳ್ರಿ? ಮರುದಿನ ನೀರಿನ ಜೋಡಿ ಅರಿಷಿಣದ ಭಂಡಾರ ಬಂತು. ಆಮ್ಯಾಲ ಕುಂಕಮ, ಹಸರ ಬಳಿ, ಬೇವಿನ ಟೊಂಗಿ. ಅಮಾಸಿಗೆ ಕಾಯಿ ಒಡೀತಿದ್ರು. ನೀರು ಹಾಕ್ರಿ ಅಂತ ನೆನಪು ಮಾಡೂ ಕೆಲಸಾ ತಪ್ಪಿತಲ್ಲ ಅಂತ ನಾನೂ ಸುಮ್ಮನಿದ್ದೆ.

ದೊರಿ ಹಿತ್ತಲಕ್ಕ ಬಂದ್ರು. ಕೊಳವಿ ನೋಡಿ ಹುಬ್ಬು ಏರಿಸಿದ್ರು. "ಇದು ಏನು?"

"ನೆಲದ ತಂತೀರಿ ಸಾಹೇಬ್ರ."

"ತಂತಿಗೆ ಬಳೆ ಏಕೆ?"

ದೊಡ್ಡವ್ವ ಅಡ್ಡ ಬಂದ್ಲು. "ದೊರೀ, ಬೂಟ್ ಬಿಚ್ಚಿ ಬರ್ರಿ. ತಾಯಿ ಜಾಗಾ ಐತಿ."

"ರಬ್ಬರಿನ ಬೂಟು ಇಲ್ಲದೆ ತಪಾಸಣೆ ಮಾಡತಕ್ಕದ್ದಲ್ಲ. ಅದು ಕಾಯಿದೆ."

"ಬೂಟ್ ಹಾಕ್ಕೊಂಡು ಮುಂದ ಬರೂವಂಗಿಲ್ಲ. ಇದು ನಮ್ಮ ಕಾಯಿದೆ," ಅಂತ ದೊಡ್ಡವ್ವ ಸೊಂಟದ ಮ್ಯಾಲ ಕೈ ಇಟ್ಲು. ಅವಳ ಹಿಂದ ಜಿನ್ನಿನ ಹೆಣ್ಣಮಕ್ಕಳೆಲ್ಲಾ ಬಂದು ನಿಂತ್ರು. ದೊರಿ ಬೂಟ್ ಬಿಚ್ಚಿದ್ರು.

ಬ್ಯಾಸಗಿ ಬಿಸಲು, ನೆಲಾ ಹಂಚಿನಂಗ ಕಾದಿತ್ತು. ದೊರಿ ಮೆತ್ತನ ಪಾದದವರು, ಕುಣಕೋತ ಓಡಿ ಹೋಗಿ ಕೊಳವಿ ಸುತ್ತಿನ ಹಸೀ ಮಣ್ಣಾಗ ನಿಂತ್ರು. ಪೆಟ್ಟಿಗಿ ಒಂದು ತಂತೀನ ನಾ ದೂರ ನೆಲದಾಗ ಚುಚ್ಚಿದ್ದೆ. ಇನ್ನೊಂದನ್ನ ಅವರು ಕೊಳವಿಗೆ ಹಚ್ಚಬೇಕು. ಕಾಲು ಸುಟ್ಟ ಅವಸರದಾಗ ಹಚ್ಚೂದಕ್ಕ ಮೊದಲ, ತಂತಿ ತುದಿ ಬರೀ ಕೈಯಾಗ ಹಿಡಕೊಂಡ ಕೂಗಿದ್ರು: "ತಿರುಗಿಸತಕ್ಕದ್ದು! ಬೇಗ ತಿರುಗಿಸತಕ್ಕದ್ದು!"

ದೊರಿ ಹುಕುಂ. ನಾ ಇದ್ದ ಶಕ್ತಿ ಹಾಕಿ ತಿರಗಿಸಿದೆ.

"ಹೋ ಹೋ ಹೋ ಹೋ!"

ಟೊಪಗಿ ಒಂದು ಕಡಿ ಹಾರಿತು. ಕೈಕಾಲು ಥರಥರ ನಡಗಿದುವು, ಕೂದಲಾ ನಿಗಿರಿ ನಿಂತುವು. ನಾ ಹಿಡಿಕಿ ಬಿಟ್ಟೆ. ನನ್ನ ಕಣ್ಣ ಮುಂದ ಗಾಣಾನ ತಿರಗಾಕ ಹತ್ತಿತು. ಪರವಾನಗಿ ಹೋತು, ಕಥಿ ಮುಗೀತು ಅಂತ ಅಳು ಬಂತು.

ಅಷ್ಟರಾಗ ದೊಡ್ಡವ್ವ ಎರಡೂ ಕೈ ಮ್ಯಾಲ ಎತ್ತಿ ಚೀರಿದ್ಲು. "ಬಂದಾಳವ್ವೋ! ತಾಯಿ ದೊರಿ ಮೈಮ್ಯಾಲ ಬಂದಾಳ! ಉಧೋ! ಉಧೋ!"

ಹೆಣ್ಣಮಕ್ಕಳು ಓಡಿ ಬಂದು ದೊರಿ ಹಣಿ ತುಂಬ ಭಂಡಾರ ಬಡದ್ರು. ಕರ್ಪೂರ ಬೆಳಗಿದ್ರು. ದೊರಿಗೆ ಗಂಟಲು ಒಣಗಿತ್ತು. "ನೀರು! ನೀರು!" ಅಂದ್ರು. ತಾಯಿ ನೀರು ಕೇಳಿದ್ಲು ಅಂತ ಕೊಡಗಟ್ಟಲೆ ತಂದು ತಲಿ ಮ್ಯಾಲ ಸುರುವಿದ್ರು. ತಪ್ಪಿಸಿಕೊಂಡು ಹೋಗಾಕ ದಾರಿ ಇರಲಿಲ್ಲ. ಜಿನ್ನಿನ ಮ್ಯಾನೇಜರ್ ಬೆವರು ಒರಸಿಕೋತ ದೊರಿ ಕಿವ್ಯಾಗ ಅಂದ್ರು: "ಸಾಹೇಬ್ರ, ಏನು ಕೇಳಿದ್ರೂ ಹೂಂ ಅನ್ರಿ. ಹೂಂ ಅಂದ್ರ ಎದ್ದು ಹೋಗತಾರ."

ದೊರಿ ಶ್ಯಾಣ್ಯಾರು. ಕೆನ್ನಿಯಿಂದ ಹಳದಿ ನೀರು ಇಳ್ಯಾಕ ಹತ್ತಿತ್ತು, ಆದ್ರೂ ನೆಟ್ಟಗ ನಿಂತ್ರು.

"ತಾಯೀ, ನನ್ನ ಮಗಳ ಲಗ್ನ ಈ ವರ್ಷ ಆಗತೈತೇನು?"

"ಆಗತಕ್ಕದ್ದು."

"ಮಳಿ ಬರತೈತೇನವ್ವಾ?"

"ಬರತಕ್ಕದ್ದು."

"ಮಾತು ಕೇಳ್ರೆಲೇ," ಅಂತ ದೊಡ್ಡವ್ವ ಗಲ್ಲಾ ಬಡಕೊಂಡ್ಲು. "ಇದು ದೊರಿ ಮಾತಲ್ಲ, ದೇವಿ ಮಾತು!" ಆಮ್ಯಾಲ ನನ್ನ ರಟ್ಟಿ ಹಿಡದು ಮುಂದ ನೂಕಿದ್ಲು. "ತಾಯೀ, ನಿನಗ ಈ ಜಾಗಾ ಮಾಡಿ ಕೊಟ್ಟವ ಇವನ. ಇವನ ಪರವಾನಗಿ ಉಳೀತೈತೇನು?"

ದೊರಿ ನನ್ನನ್ನ ನೋಡಿದ್ರು. ಯಾವಾಗ ಮತ್ತ ಹಿಡಕೊಂಡಿದ್ನೋ ಏನೋ, ಅಂಜಿಕ್ಯಾಗ ನನ್ನ ಕೈ ಪೆಟ್ಟಿಗಿ ಹಿಡಿಕಿ ಮ್ಯಾಲನ ಇತ್ತು. ದೊರಿ ಕಣ್ಣು ಅಲ್ಲಿಗೆ ಹೋತು. ಅವರ ಕೈಯಿಂದ ಜಾರಿದ ತಂತಿ ಅವರ ಕಾಲಿಗೆ ಸುತಗೊಂಡು ಬಿದ್ದಿತ್ತು.

"ಉಳಿಯತಕ್ಕದ್ದು!" ಅಂತ ಕೂಗಿದ್ರು. "ಪರವಾನಗಿ ಉಳಿಯತಕ್ಕದ್ದು! ಮೊದಲು ಆ ಹಿಡಿಕೆಯಿಂದ ಕೈ ತೆಗೆಯತಕ್ಕದ್ದು!"

ನಾ ಹಿಡಿಕಿ ಬಿಟ್ಟು ದೂರ ಸರದೆ. ಹೆಣ್ಣಮಕ್ಕಳು ಉಧೋ ಅಂದ್ರು. ಆಗ ಹಿಂದಿನಿಂದ ಮಂದಿ ಸರಿಸಿಕೋತ ನಮ್ಮ ಮಾವ ಬಂದ್ರು, ಕೈಯಾಗ ಎತ್ತಿನ ಹಗ್ಗಾ. ದೊರಿ ಕಾಲಿಗೆ ಉದ್ದಕ ಬಿದ್ದು ಕೇಳಿದ್ರು: "ತಾಯೀ, ಹಂಗಾದ್ರ ನನ್ನ ಗಾಣದಾಗ ಎತ್ತಿನ ಹಿಂದ ಯಾರು ತಿರಗಬೇಕವ್ವಾ?"

ದೊರಿಗೆ ಸಾಕಾಗಿ ಹೋಗಿತ್ತು. ಹಣಿ ಮ್ಯಾಲಿನ ಭಂಡಾರ ಒರಸಿಕೊಂಡು ಅಂದ್ರು: "ನೀನೇ ತಿರುಗತಕ್ಕದ್ದು."